ಸ್ಲೈಡ್ ಬಿಟ್ಟು ತೋಟಕ್ಕೆ

ನಾಳೆ ನಮ್ಮ ಮಕ್ಕಳು ಹಲ್ಟ್ ಪ್ರೈಜ್‌ನ ಕಾಲೇಜು ಸುತ್ತಿನಲ್ಲಿ ಮಾತಾಡುತ್ತಾರೆ. ಸಮಾಜಕ್ಕೆ ಉಪಯೋಗವಾಗುವ ಉದ್ಯಮದ ಯೋಜನೆಗಳಿಗೆ ನಡೆಯುವ ಜಾಗತಿಕ ವಿದ್ಯಾರ್ಥಿ ಸ್ಪರ್ಧೆ ಇದು. ಕೊನೆಗೆ ಗೆದ್ದವರಿಗೆ 10 ಲಕ್ಷ ಡಾಲರ್. ಇವರು ಆರಿಸಿಕೊಂಡಿರುವುದು ಅಡಿಕೆ ಹಾಳೆಯ ತಟ್ಟೆ.

ಮೊದಲ ವಾರ ಬರೀ ಸ್ಲೈಡ್ ಮಾಡಿದರು. ಬಣ್ಣ, ಲೋಗೋ, ಲಾಭದ ಲೆಕ್ಕ. "ಹಾಳೆ ಹೆಕ್ಕುವವರ ಹತ್ತಿರ ಮಾತಾಡಿದ್ದೀರಾ?" ಅಂತ ಕೇಳಿದೆ. ಯಾರೂ ಮಾತಾಡಿರಲಿಲ್ಲ. ಭಾನುವಾರ ಎಲ್ಲರೂ ತೀರ್ಥಹಳ್ಳಿ ಕಡೆಯ ತೋಟವೊಂದಕ್ಕೆ ಹೋದೆವು. ಅಲ್ಲಿ ಒಬ್ಬ ಅಕ್ಕ ಹೇಳಿದರು: "ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿಯುತ್ತೆ ಮಗಾ. ಬೇಸಿಗೆಯಲ್ಲೇ ಒಣಗಿಸಿ ಕಟ್ಟಿಡಬೇಕು. ಇಡೋಕೆ ಜಾಗ ಎಲ್ಲಿದೆ?"

ವಾಪಸ್ ಬರುವಾಗ ಬಸ್ಸಿನಲ್ಲೇ ಯೋಜನೆ ಬದಲಾಯಿತು. ತಟ್ಟೆ ಒತ್ತುವ ಮಿಷನ್ ಆಮೇಲೆ. ಮೊದಲು ಹಾಳೆ ಒಣಗಿಸಿಡಲು ಊರಿಗೊಂದು ಶೆಡ್, ಹಾಳೆ ಕೊಟ್ಟ ದಿನವೇ ದುಡ್ಡು.

ಬಡವರಿಗೆ ಸಣ್ಣ ಸಾಲ ಕೊಡುವ ಗ್ರಾಮೀಣ ಬ್ಯಾಂಕ್ ಕಟ್ಟಿದ ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯ 42 ಜನರಿಗೆ ಕೊಟ್ಟ ಮೊದಲ ಸಾಲ ಒಟ್ಟು 27 ಡಾಲರ್. ಆ 42 ಜನರ ಪಟ್ಟಿ ಮಾಡೋಕೂ ಯಾರೋ ಮನೆ ಮನೆಗೆ ಹೋಗಿ ಕೇಳಲೇಬೇಕಿತ್ತು, ಅಲ್ವಾ?

ರಾತ್ರಿ ಹತ್ತಾಯಿತು, ಅಭ್ಯಾಸ ಇನ್ನೂ ನಡೆದಿದೆ. ಆ ಅಕ್ಕನ ಮಾತನ್ನು ಕನ್ನಡದಲ್ಲೇ ಹೇಳಿ ಶುರು ಮಾಡುತ್ತೇನೆ ಅಂತ ನಮ್ಮ ಹುಡುಗಿ ಹಟ ಹಿಡಿದಿದ್ದಾಳೆ. ಮಾಡು ಅಂದೆ.