ಆಯಸ್ಕಾಂತ ನಿಲ್ಲದ ಜಾಗ

ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಲ್ಲಿದ್ದ ಆಯಸ್ಕಾಂತ ಕಿತ್ತು ತಂದು, ಪೇಂಟಿಗೆ ಗೀರು ಬೀಳದ ಹಾಗೆ ತೆಳು ಬಟ್ಟೆ ಸುತ್ತಿ, ಅಪ್ಪಯ್ಯನ ಫಿಯೆಟ್ ಕಾರಿನ ಮೈತುಂಬಾ ಇಟ್ಟು ನೋಡಿದೆ. ಬಾನೆಟ್ ಮೇಲೆ ಗಟ್ಟಿಯಾಗಿ ಕೂತಿತು. ಟಾಪಿನ ಮೇಲೂ ಕೂತಿತು. ಹಿಂದಿನ ಮಡ್‌ಗಾರ್ಡಿನ ಮೇಲೆ ಸ್ವಲ್ಪ ಜಾರಿ ನಿಂತಿತು. ಎಡಗಡೆ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿಗೆ ಇಟ್ಟು ಕೈ ಬಿಟ್ಟರೆ ನೆಲಕ್ಕೆ ಬಿತ್ತು. ಎರಡು ಇಂಚು ಮುಂದೆ ಇಟ್ಟೆ, ಮತ್ತೆ ಬಿತ್ತು. ಎರಡು ಅಡಿ ಉದ್ದಕ್ಕೆ ಎಲ್ಲೂ ನಿಲ್ಲಲಿಲ್ಲ. ಮೇಲೆ ನೋಡಿದರೆ ಪೇಂಟು ಪಳಪಳ ಹೊಳೀತಿತ್ತು.

ಕಾರು ಪ್ರೀಮಿಯರ್ ಪದ್ಮಿನಿ, 1978ರ ಮಾಡೆಲ್. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಪದ್ಮಿನಿ ಅನ್ನೋ ಹೆಸರು 1974ರಲ್ಲೇ ಬಂದಿದ್ದರೂ ನಮ್ಮ ಕುಂದಾಪುರದ ಕಡೆ ಇವತ್ತಿಗೂ ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು 1986ರಲ್ಲಿ. ಕೊಲ್ಲೂರಿಗೆ ಹೋಗಿದ್ದು, ಅಕ್ಕನ ಮದುವೆ ದಿಬ್ಬಣ, ಅಮ್ಮನನ್ನು ರಾತ್ರೋರಾತ್ರಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದು, ಎಲ್ಲ ಇದರಲ್ಲೇ.

ಉಳಿ, ಸುತ್ತಿಗೆ ತಂದು ಮೆಲ್ಲಗೆ ಎಬ್ಬಿಸಿದೆ. ತಗ್ಗು ಮುಚ್ಚಲು ಮೆತ್ತುವ ಪುಟ್ಟಿ, ಆಯಸ್ಕಾಂತ ಹಿಡಿಯದ್ದು, ಹೆಬ್ಬೆರಳಿನಷ್ಟು ದಪ್ಪಕ್ಕೆ ಹೆಂಚಿನ ಚೂರಿನ ಹಾಗೆ ಕಳಚಿ ಬಂತು. ಅದರ ಹಿಂದೆ ಉಂಡೆ ಮಾಡಿ ತುರುಕಿದ ಹಳೇ ಪೇಪರು. ಹದಿನೈದು ವರ್ಷದ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಹೊಸ ತಗಡು ಹಾಕಿದ್ದೇವೆ ಅಂತ ಹೇಳಿ ಪೂರ್ತಿ ದುಡ್ಡು ತಗೊಂಡಿದ್ದರು. ಅಪ್ಪಯ್ಯ ಜಗಲಿಯಿಂದ ಇಳಿದು ಬಂದು ಬಗ್ಗಿ ನೋಡಿದರು. "ತಗಡ್ ಹಾಕಿದ್ದೆ ಅಂದಿದ್ದ" ಅಂದರು, ಅಷ್ಟೇ. ನನಗೆ ತುಂಬಾ ಸಿಟ್ಟು ಬಂತು. ದುಡ್ಡಿನ ಮಾತಲ್ಲ. ಈ ಕಾರಿಗೆ ಚಾಸಿ ಬೇರೆ, ಬಾಡಿ ಬೇರೆ ಅಂತ ಇಲ್ಲ, ಬಾಡಿಯೇ ಚಾಸಿ. ರನ್ನಿಂಗ್ ಬೋರ್ಡ್ ಅಂದರೆ ಮನೆಯ ತೊಲೆ ಇದ್ದ ಹಾಗೆ. ಆ ತೊಲೆಯ ಜಾಗದಲ್ಲಿ ಪೇಪರು ಇಟ್ಟುಕೊಂಡು ನಾವು ನಾಲ್ಕೈದು ಜನ ಕೂತು ಹೈವೇಯಲ್ಲಿ ಓಡಾಡಿದ್ದೇವೆ.

ತುಕ್ಕು ಯಾಕೆ ಹಿಡಿಯಿತು ಅನ್ನೋದು ಬಾಗಿಲು ಬಿಚ್ಚಿದಾಗ ಗೊತ್ತಾಯಿತು. ಮಳೆ ನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವುದು ತಪ್ಪಲ್ಲ, ಎಲ್ಲಾ ಕಾರಲ್ಲೂ ಇಳಿಯುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಬಾಗಿಲ ಅಡಿಯಲ್ಲಿ, ರನ್ನಿಂಗ್ ಬೋರ್ಡಿನ ಅಡಿಯಲ್ಲಿ ಸಣ್ಣ ಸಣ್ಣ ತೂತು ಇಟ್ಟಿರುತ್ತಾರೆ. ನಮ್ಮ ಕಾರಲ್ಲಿ ಆ ತೂತುಗಳೆಲ್ಲ ಪುಟ್ಟಿ, ಪೇಂಟು ಬಿದ್ದು ಮುಚ್ಚಿಹೋಗಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಊರು, ಒಂದು ಕಿಲೋಮೀಟರ್ ಆಚೆ ಸಮುದ್ರ, ಉಪ್ಪುಗಾಳಿ. ನೀರು ಒಳಗೇ ನಿಂತು ಒಳಗಿನಿಂದ ತಿಂದಿದೆ. ಹೊರಗೆ ಪೇಂಟಿನ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಮುಗಿದಿರುತ್ತದೆ.

ನಮ್ಮ ಬೀದಿಯಲ್ಲೇ ಇರುವ ಹಿರಿಯ ಟಿಂಕರ್ (ಕಾರಿನ ತಗಡು ಕೆಲಸದವರು) ಒಬ್ಬರು ಭಾನುವಾರ ಮನೆಗೆ ಬರಲು ಒಪ್ಪಿದರು. ಬಗ್ಗಿ ನೋಡಿ ಮೊದಲು ಅಂದಿದ್ದು, "ಇದ್ರಗೆ ತಗಡೇ ಇಲ್ಯಲೆ ಮಾರಾಯ". ಬ್ಯಾಟರಿ ತೆಗೆಸಿದರು, ಪೆಟ್ರೋಲ್ ಟ್ಯಾಂಕ್ ಇಳಿಸಿದೆವು. ಆಮೇಲೂ ಕೊಯ್ಯಲು ಬಿಡಲಿಲ್ಲ. ರನ್ನಿಂಗ್ ಬೋರ್ಡ್ ಹಾಗೇ ಕೊಯ್ದರೆ ಕಾರು ನಡು ಮುರಿದ ಹಾಗೆ ಕುಸಿಯುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ ಅಂದರು. ಅಡಿಗೆ ನಾಲ್ಕು ಸ್ಟ್ಯಾಂಡ್ ಕೊಟ್ಟು, ಬಾಗಿಲ ಕಿಂಡಿಗೆ ಅಡ್ಡಲಾಗಿ ಕಬ್ಬಿಣದ ಪೈಪನ್ನು ಚುಕ್ಕಿ ವೆಲ್ಡಿಂಗ್‌ನಲ್ಲಿ ತಾತ್ಕಾಲಿಕವಾಗಿ ಹಿಡಿಸಿ, ಆಮೇಲೇ ಗ್ರೈಂಡರ್ ಕೈಗೆ ತಗೊಂಡಿದ್ದು. ಅದೂ ಒಂದು ಸಲಕ್ಕೆ ಒಂದೇ ಕಡೆ.

ನಾನು ತುಕ್ಕು ಹಿಡಿಯಲ್ಲ ಅಂತ ಜಿಐ ಶೀಟ್ ತಂದಿಟ್ಟಿದ್ದೆ. ಅದನ್ನು ವಾಪಸ್ ಕಳಿಸಿದರು. ಸತುವಿನ ಲೇಪ ಇರುವ ತಗಡಿಗೆ ವೆಲ್ಡಿಂಗ್ ಮಾಡಿದರೆ ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದಂತೆ, ಅವರಿಗೆ ಹರೆಯದಲ್ಲಿ ಬಂದಿತ್ತಂತೆ. 20 ಗೇಜಿನ ಸಿಆರ್ ಶೀಟ್, ಅಂದರೆ ಸತುವಿನ ಲೇಪ ಇಲ್ಲದ ಉಕ್ಕಿನ ತಗಡು, ತಂದೆವು. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರ ಮೇಲೆ ಗೀರಿ, ಮರದ ದಿಮ್ಮಿಯ ಮೇಲಿಟ್ಟು ಬಡಿದು ಬಡಿದು ಬಳುಕು ತಂದರು.

ವೆಲ್ಡಿಂಗ್‌ಗೆ ಇಡೀ ದಿನ ಹಿಡಿಯಿತು. ಇಲ್ಲೊಂದು ಚುಕ್ಕಿ, ಗೇಣು ದೂರ ಇನ್ನೊಂದು ಚುಕ್ಕಿ, ಮತ್ತೆ ಈ ತುದಿ, ಮತ್ತೆ ಆ ತುದಿ. ಪ್ರತಿ ಚುಕ್ಕಿ ಆದ ಮೇಲೆ ಕೈ ಇಟ್ಟು ನೋಡುವುದು, ಆರಿದ ಮೇಲೇ ಮುಂದಿನದು. ಒಂದೇ ಉಸಿರಿಗೆ ಎಳೆದುಕೊಂಡು ಹೋದರೆ ತೆಳು ತಗಡು ಬಿಸಿಗೆ ಹಪ್ಪಳದ ಹಾಗೆ ಸುಕ್ಕಾಗುತ್ತದೆ. ನಡುನಡುವೆ ಬಾಗಿಲು ತೂಗುಹಾಕಿ ಸಂದು ನೋಡುತ್ತಿದ್ದೆವು. ಮಧ್ಯಾಹ್ನ ನೋಡಿದರೆ ಹಿಂದಿನ ಮೂಲೆಯಲ್ಲಿ ಬಾಗಿಲು ತಾಗುತ್ತಿದೆ. ನನ್ನ ಕಣ್ಣಿಗೆ ಅದು ದೊಡ್ಡದು ಅನ್ನಿಸಲಿಲ್ಲ. ಅವರು ಸುಮ್ನೆ ಗ್ರೈಂಡರ್ ತಗೊಂಡು ಆರು ಚುಕ್ಕಿ ಉಜ್ಜಿ ತೆಗೆದರು, ಜಾಕ್ ಒಂದು ಕೂದಲೆಳೆ ಎತ್ತಿದರು, ಮತ್ತೆ ಶುರು ಮಾಡಿದರು. ಊಟಕ್ಕೆ ಕೂತಾಗ ಮೂರೂವರೆ. ಆ ಆರು ಚುಕ್ಕಿ ಉಜ್ಜಿದ್ದನ್ನು ನಾನು ಮರೆಯುವುದಿಲ್ಲ.

ಉಳಿದಿದ್ದು ಬೇಗ ಆಯಿತು. ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾಗಿ ಪುಟ್ಟಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ, ಅದು ನೀರು ಕುಡಿಯುತ್ತದೆ, ಒಣಗಿಸಿಯೇ ಉಜ್ಜಬೇಕು. ವಾಟರ್ ಪೇಪರಿನ ಕೆಲಸ ಕೊನೆಯ ಪ್ರೈಮರ್ ಆದ ಮೇಲೆ. ಪೇಂಟ್ ಫೆಬ್ರವರಿಯಲ್ಲಿ ಹೊಡೆದೆವು, ಇಬ್ಬನಿ ಪೂರ್ತಿ ಆರಿದ ಮೇಲೆ, ಹತ್ತರಿಂದ ಹನ್ನೆರಡರ ಒಳಗೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನ ಮೇಲೆ ಬಿಳಿ ಮಬ್ಬು ಕೂರುತ್ತದೆ. ಬಾಗಿಲ ರಬ್ಬರ್ ಬೀಡಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ನಿಂತುಹೋದವು, ಇನ್ನು ಮುಂದೆ ಇಂಥ ಸಾಮಾನು ಸಿಗುವುದು ಕಷ್ಟವೇ. ಎರಡು ಸೆಟ್ ತಂದಿಟ್ಟೆ. ಕಡೆಗೆ ರನ್ನಿಂಗ್ ಬೋರ್ಡಿನ ಒಳಗೆಲ್ಲ ಮೇಣದ ಸ್ಪ್ರೇ ಹೊಡೆದೆ.

ಜೂನ್ ಮೊದಲ ವಾರ ಜೋರು ಮಳೆ ಹಿಡಿಯಿತು. ನಾನು ಕಾರನ್ನು ಶೆಡ್ಡಿನಿಂದ ತೆಗೆದು ಅಂಗಳದಲ್ಲಿ ಮಳೆಗೇ ನಿಲ್ಲಿಸಿದೆ. ಅಪ್ಪಯ್ಯ ಗಾಬರಿಯಾಗಿ ಕೊಡೆ ಹಿಡಿದುಕೊಂಡು ಬಂದರು. ಹತ್ತು ನಿಮಿಷ ಬಿಟ್ಟು ಮಂಡಿಯೂರಿ ಅಡಿಗೆ ನೋಡಿದೆ. ಮುಂದಿನ ಬಾಗಿಲ ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಲಗಡೆಯೂ ಸರಿ ಇತ್ತು. ಎಡಗಡೆ ಹಿಂದಿನ ಬಾಗಿಲಲ್ಲಿ ಮಾತ್ರ ಒಂದು ಹನಿಯೂ ಇಲ್ಲ. ಹಿಡಿಸೂಡಿಯ ಕಡ್ಡಿ ಮುರಿದು ತಂದು ತೂತಿಗೆ ಚುಚ್ಚಿದೆ, ಸ್ವಲ್ಪ ಮೇಣ ಕಡ್ಡಿಗೆ ಅಂಟಿಕೊಂಡು ಬಂತು, ಹಿಂದೆಯೇ ನೀರು.

"ಬಂತಾ ಮಗಾ?" ಅಂತ ಕೊಡೆ ನನ್ನ ಮೇಲೆ ಹಿಡಿದು ಅಪ್ಪಯ್ಯ ಕೇಳಿದರು.

"ಬಂತು ಅಪ್ಪಯ್ಯ."