ಅಮ್ಮನ ಸೊಂಟಕ್ಕೆ ಓಲಾಟ ಅಳೆಯುವ ಸೆನ್ಸರ್: ಪ್ರಾಜೆಕ್ಟ್ ಎಲ್ಲಿಗೆ ಬಂತು

ಏಪ್ರಿಲ್

ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಆಪರೇಷನ್ ಮಾಡಿ ಕೂರಿಸುವ, ಶಬ್ದವನ್ನು ವಿದ್ಯುತ್ ಮಾಡಿ ಕೇಳುವ ನರಕ್ಕೆ ಮುಟ್ಟಿಸುವ ಸಾಧನ) ಆದಮೇಲೆ ಅಮ್ಮನ ಕಿವಿ ಸುಧಾರಿಸಿತು, ನಡಿಗೆ ಕೆಟ್ಟಿತು. ಬಲಗಿವಿಗೆ ಫೆಬ್ರವರಿಯಲ್ಲಿ ಆಪರೇಷನ್, ಮಾರ್ಚ್‌ನಲ್ಲಿ ಸ್ವಿಚ್ ಆನ್. ಮ್ಯಾಪಿಂಗ್, ಅಂದರೆ ಆ ಸಾಧನವನ್ನು ಅವಳಿಗೆ ತಕ್ಕ ಹಾಗೆ ಹೊಂದಿಸುವ ಕೆಲಸ, ಚೆನ್ನಾಗಿ ನಡೆಯುತ್ತಿದೆ. ಕುಕ್ಕರ್ ವಿಷಲ್ ಕೇಳುತ್ತದೆ, ಎದುರು ಕೂತು ನಿಧಾನವಾಗಿ ಮಾತಾಡಿದರೆ ಬಹುಪಾಲು ಹಿಡಿಯುತ್ತಾಳೆ. ಆದರೆ ಮಬ್ಬುಗತ್ತಲಲ್ಲಿ ಅಂಗಳಕ್ಕೆ ಇಳಿದರೆ ಆಯ ತಪ್ಪುತ್ತದೆ. ಬಚ್ಚಲಲ್ಲಿ ಕಣ್ಣು ಮುಚ್ಚಿ ತಲೆಗೆ ಒಂದು ಚೊಂಬು ನೀರು ಸುರಿದುಕೊಂಡರೆ ಸಾಕು, ಗೋಡೆ ಹಿಡಿಯಬೇಕು. "ಕಣ್ಣು ಮುಚ್ಚಿದ್ರೆ ನೆಲಾನೇ ಸರಿದ ಹಾಗಾಗುತ್ತೆ ಕಣೋ" ಅನ್ನುತ್ತಾಳೆ.

ಆಪರೇಷನ್‌ಗೆ ಮುಂಚೆ ಸಹಿ ಹಾಕಿದ ಕಾಗದದಲ್ಲಿ ತಲೆಸುತ್ತು ಬರಬಹುದು ಅಂತ ಒಂದು ಸಾಲು ಇತ್ತು. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ ಹೇಳುವ ಅಪಾಯಗಳ ಪಟ್ಟಿಯಲ್ಲೂ ಅದು ಇದೆ. ಮುಖದ ನರಕ್ಕೆ ಪೆಟ್ಟು, ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ದ್ರವ ಸೋರುವುದು, ರುಚಿ ಕೆಡುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಇವುಗಳ ಮಧ್ಯೆ ತಲೆಸುತ್ತು. ಎಲ್ಲರಿಗೂ ಬರುವುದಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅಮ್ಮನದು ಇಳಿಯುತ್ತಾ ಬಂದು ಅರ್ಧಕ್ಕೆ ನಿಂತಿತು. ಈಗ ಫಿಸಿಯೋ ಮೇಡಂ ದಿನಾ ಮಾಡಬೇಕಾದ ವ್ಯಾಯಾಮ ಬರೆದುಕೊಟ್ಟಿದ್ದಾರೆ. ನನ್ನ ತೊಂದರೆ ಏನೆಂದರೆ, ವಾಸಿಯಾಗುತ್ತಿದೆಯಾ ಅಂತ ಕೇಳಿದರೆ ಅಮ್ಮ ಪ್ರತಿ ಸಲ "ಅದೇ ಥರ ಇದೆ" ಅನ್ನುತ್ತಾಳೆ. ದಿನಾ ಒಂದಿಷ್ಟೇ ಬದಲಾಗುವುದು ಅನುಭವಿಸುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಓಲಾಟವನ್ನು ಅಳೆದುಬಿಡೋಣ ಅಂತ ಹೊರಟೆ. ಎಲೆಕ್ಟ್ರಾನಿಕ್ಸ್ ಮೊದಲಿಂದಲೂ ನನ್ನ ಹವ್ಯಾಸ, ಮೈಸೂರಿನ ಈ ಮನೆಯಲ್ಲಿ ಅದಕ್ಕೇ ಒಂದು ಟೇಬಲ್ ಇದೆ.

ಬೇಕಾದ ಸಾಮಾನು: ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಚಲನೆ ಅಳೆಯುವ ಒಂದು ಎಂಪಿಯು-6050 ಸೆನ್ಸರ್, ಚಿಕ್ಕ ಲಿಥಿಯಂ ಬ್ಯಾಟರಿ, ಅದಕ್ಕೆ ಟಿಪಿ4056 ಚಾರ್ಜರ್ ಮಾಡ್ಯೂಲ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎಲ್ಲ ಸೇರಿ ಸಾವಿರ ರೂಪಾಯಿ ಒಳಗೇ ಮುಗಿಯಿತು.

ಈ ಸೆನ್ಸರ್ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇದರೊಳಗೆ ಮೂರು ಅಕ್ಷದ ಗೈರೋ ಇದೆ, ಮೂರು ಅಕ್ಷದ ಆಕ್ಸೆಲೆರೋಮೀಟರ್ ಇದೆ. ನಮ್ಮ ಒಳಕಿವಿಯಲ್ಲೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ. ಮೂರು ಅರ್ಧವೃತ್ತ ನಾಳಗಳು ಮೂರು ದಿಕ್ಕಿನ ತಿರುಗಾಟ ಹಿಡಿಯುತ್ತವೆ, ಗೈರೋ ಕೆಲಸ. ಯುಟ್ರಿಕಲ್ ಮತ್ತು ಸ್ಯಾಕ್ಯೂಲ್ ಅನ್ನುವ ಎರಡು ಪುಟ್ಟ ಚೀಲಗಳು ನೆಟ್ಟಗಿನ ಚಲನೆ ಮತ್ತು ಗುರುತ್ವ ಹಿಡಿಯುತ್ತವೆ, ಆಕ್ಸೆಲೆರೋಮೀಟರ್ ಕೆಲಸ. ಚೀಲಗಳ ಒಳಗೆ ಕೂದಲಿನಂಥ ಜೀವಕೋಶಗಳ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಣ್ಣ ಸಣ್ಣ ಹರಳುಗಳು ಕೂತಿರುತ್ತವೆ. ತಲೆ ಬಾಗಿದರೆ ಹರಳು ಜಾರುತ್ತದೆ, ಕೂದಲು ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಎರಡು ಕಿವಿಗೆ ಎರಡು ಸೆಟ್.

ಕಷ್ಟ ಇರುವುದು ಜಾಗದಲ್ಲಿ. ಕೇಳುವ ಕಾಕ್ಲಿಯಾ, ಈ ಸಮತೋಲನದ ಅಂಗಗಳು, ಎಲ್ಲ ಒಂದೇ ಒಳಕಿವಿ, ಒಳಗಿನ ದ್ರವವೂ ಒಂದೇ. ಸರ್ಜನ್ ಎಲೆಕ್ಟ್ರೋಡ್ ತಂತಿಯನ್ನು ಸಾಮಾನ್ಯವಾಗಿ ರೌಂಡ್ ವಿಂಡೋ ಅನ್ನುವ ಪುಟ್ಟ ಕಿಂಡಿಯ ಮೂಲಕ ಕಾಕ್ಲಿಯಾದೊಳಗೆ ತಳ್ಳುತ್ತಾರೆ. ಸ್ಯಾಕ್ಯೂಲ್ ಆ ದಾರಿಗೆ ತೀರಾ ಹತ್ತಿರ. ಇಂಪ್ಲಾಂಟ್ ಇದ್ದು ತೀರಿಕೊಂಡವರ ಕಿವಿಯ ಮೂಳೆಗಳನ್ನು ಪರೀಕ್ಷಿಸಿದವರು ಕಂಡದ್ದೂ ಅದೇ, ಹಾನಿ ಜಾಸ್ತಿ ಸ್ಯಾಕ್ಯೂಲ್‌ಗೆ, ನಾಳಗಳಿಗೆ ಕಡಿಮೆ. ತಂತಿ ತಾಗಿಯೇ ಆಗಬೇಕೆಂದಿಲ್ಲ. ದ್ರವ ಸ್ವಲ್ಪ ಸೋರಿದರೂ, ಒಳಗೆ ಉರಿಯೂತ ಬಂದರೂ ಆಗಬಹುದು. ಡ್ರಿಲ್‌ನ ಅದುರುವಿಕೆಗೆ ಹರಳು ಕಿತ್ತು ನಾಳದೊಳಗೆ ಹೋದರೆ ಅದು ಬೇರೆ ಥರದ ತಲೆಸುತ್ತು, ಮಗ್ಗುಲು ಬದಲಿಸಿದಾಗ ಜೋರಾಗಿ ಬಂದು ಒಂದು ನಿಮಿಷದೊಳಗೆ ನಿಲ್ಲುತ್ತದೆ. ಅದಾದರೆ ಎಪ್ಲಿ ವಿಧಾನದಲ್ಲಿ ತಲೆ ತಿರುಗಿಸಿ ಹರಳನ್ನು ವಾಪಸ್ ಜಾಗಕ್ಕೆ ತರಬಹುದು. ಅಮ್ಮನದು ಅದಲ್ಲ ಅಂತ ಮೊದಲೇ ಪರೀಕ್ಷೆ ಮಾಡಿ ಹೇಳಿದ್ದಾರೆ.

ಏಪ್ರಿಲ್ ಕೊನೆ

ಡಬ್ಬಿ ರೆಡಿ. ಸೊಂಟದ ಹಿಂಭಾಗಕ್ಕೆ, ಬೆನ್ನುಮೂಳೆಯ ಕೆಳತುದಿಯ ಹತ್ತಿರ ಬೆಲ್ಟ್‌ನಲ್ಲಿ ಕೂರುತ್ತದೆ. ನಿಂತಾಗ ದೇಹದ ಭಾರದ ಕೇಂದ್ರ ಅಲ್ಲೇ ಆಸುಪಾಸಿನಲ್ಲಿ ಇರುವುದರಿಂದ ಅದು ಸರಿಯಾದ ಜಾಗ. ಈ ಸೆನ್ಸರ್‌ನಲ್ಲಿ ದಿಕ್ಸೂಚಿ ಇಲ್ಲದಿರುವುದೂ ಒಳ್ಳೆಯದೇ ಆಯಿತು. ಅಮ್ಮನ ಕಿವಿಯ ಹಿಂದೆ, ಚರ್ಮದ ಕೆಳಗೆ, ಹೊರಗಿನ ಪ್ರೊಸೆಸರ್‌ನಿಂದ (ಶಬ್ದ ಹಿಡಿಯುವ ಯಂತ್ರ) ಒಳಕ್ಕೆ ಸುದ್ದಿ ದಾಟಿಸುವ ಕಾಯಿಲ್ ಹಿಡಿದಿಡುವ ಮ್ಯಾಗ್ನೆಟ್ ಇದೆ. ಮುಂದೆ ತಲೆಗೆ ಕಟ್ಟಿದರೆ ದಿಕ್ಸೂಚಿ ಅಲ್ಲಿ ದಾರಿ ತಪ್ಪುತ್ತಿತ್ತು.

ಗೈರೋ ಒಂದನ್ನೇ ನಂಬಲು ಆಗುವುದಿಲ್ಲ. ಅಲುಗಾಡದೆ ಟೇಬಲ್ ಮೇಲೆ ಇಟ್ಟರೂ ಕೋನ ಮೆಲ್ಲಗೆ ಸರಿಯುತ್ತಾ ಹೋಗುತ್ತದೆ. ಆಕ್ಸೆಲೆರೋಮೀಟರ್ ಸರಿಯುವುದಿಲ್ಲ, ಆದರೆ ಪ್ರತಿ ಸಣ್ಣ ಅದುರಿಗೂ ಕುಣಿಯುತ್ತದೆ. ಎರಡನ್ನೂ ಕೂಡಿಸುವ ಕಾಂಪ್ಲಿಮೆಂಟರಿ ಫಿಲ್ಟರ್ ಹಾಕಿದೆ, ಗೈರೋಗೆ 0.98, ಆಕ್ಸೆಲೆರೋಮೀಟರ್‌ಗೆ 0.02. ಗೆರೆ ನೆಟ್ಟಗಾಯಿತು. ಮಿದುಳೂ ಇದನ್ನೇ ಮಾಡುತ್ತದೆ, ಇನ್ನೂ ಚೆನ್ನಾಗಿ ಮಾಡುತ್ತದೆ. ಒಳಕಿವಿ, ಕಣ್ಣು, ಪಾದ ಮತ್ತು ಕೀಲುಗಳು, ಈ ಮೂರು ಕಡೆಯಿಂದ ಸುದ್ದಿ ತರಿಸಿ ಕೂಡಿಸುತ್ತದೆ. ಒಂದು ಕಿವಿಯ ಸುದ್ದಿ ಕೆಟ್ಟರೆ ಉಳಿದವಕ್ಕೆ ಎಷ್ಟೆಷ್ಟು ಬೆಲೆ ಕೊಡಬೇಕು ಅಂತ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಸುಮ್ನೆ ಮಲಗಿದ್ದರೆ ಹಾಕಿಕೊಳ್ಳುವುದಿಲ್ಲ. ಓಡಾಡಬೇಕು, ತಲೆ ತಿರುಗಿಸಬೇಕು, ಸ್ವಲ್ಪ ತಲೆಸುತ್ತು ಬರುವಷ್ಟು ಮಾಡಬೇಕು. ತಲೆಸುತ್ತು ಅಡಗಿಸುವ ಮಾತ್ರೆಗಳನ್ನು ತಿಂಗಳಾನುಗಟ್ಟಲೆ ತೆಗೆದುಕೊಳ್ಳಬೇಡಿ ಅಂತ ಡಾಕ್ಟರ್ ಹೇಳುವುದೂ ಇದಕ್ಕೇ. ಮೊದಲ ಕೆಲವು ದಿನಕ್ಕೆ ಅವು ಬೇಕು, ಆಮೇಲೆ ಈ ಕಲಿಕೆಗೇ ಅಡ್ಡ ಬರುತ್ತವೆ.

ಅಳತೆಗೆ ನಾನು ಹೊಸದೇನೂ ಕಂಡುಹಿಡಿಯಲಿಲ್ಲ. ಕ್ಲಿನಿಕ್‌ಗಳಲ್ಲಿ ಮಾಡುವ ನಾಲ್ಕು ಸ್ಥಿತಿಯ ಪರೀಕ್ಷೆಯನ್ನೇ ತೆಗೆದುಕೊಂಡೆ. ಗಟ್ಟಿ ನೆಲ ಕಣ್ಣು ತೆರೆದು, ಗಟ್ಟಿ ನೆಲ ಕಣ್ಣು ಮುಚ್ಚಿ, ಫೋಮ್ ಮೇಲೆ ಕಣ್ಣು ತೆರೆದು, ಫೋಮ್ ಮೇಲೆ ಕಣ್ಣು ಮುಚ್ಚಿ. ಒಂದೊಂದೂ 30 ಸೆಕೆಂಡ್. ಫೋಮ್ ಮೇಲೆ ನಿಂತರೆ ಪಾದದ ಸುದ್ದಿ ಮಸುಕಾಗುತ್ತದೆ. ಕಣ್ಣೂ ಮುಚ್ಚಿದರೆ ಉಳಿಯುವುದು ಒಳಕಿವಿ ಮಾತ್ರ. ಬಚ್ಚಲಲ್ಲಿ ಅಮ್ಮನಿಗೆ ಆಗುತ್ತಿದ್ದದ್ದು ಹೆಚ್ಚುಕಡಿಮೆ ಇದೇ, ಒದ್ದೆ ನೆಲ, ಮುಚ್ಚಿದ ಕಣ್ಣು, ಮೇಲೆತ್ತಿದ ಕೈ.

ಫೋಮ್ ಹಾಸಿಗೆ ಅಂಗಡಿಯಲ್ಲಿ ಕತ್ತರಿಸಿಕೊಟ್ಟರು. ಒತ್ತಿದರೆ ತಳ ಮುಟ್ಟದಷ್ಟು ಗಟ್ಟಿ ಇರಬೇಕು. ರೂಮಿನ ಮೂಲೆಯಲ್ಲಿ ಇಟ್ಟಿದ್ದೇನೆ, ಹಿಂದೆ ಎರಡು ಗೋಡೆ, ಮುಂದೆ ಭಾರದ ಕುರ್ಚಿ, ಪಕ್ಕದಲ್ಲಿ ನಾನು. ದಯವಿಟ್ಟು ಇದನ್ನು ಯಾರೂ ಒಬ್ಬರೇ ಮಾಡಬೇಡಿ. ಇಂಪ್ಲಾಂಟ್ ಇರುವ ಕಡೆಯ ತಲೆಗೆ ಪೆಟ್ಟು ಬೀಳಲೇಬಾರದು.

ಮೇ

ಮೊದಲ ಗ್ರಾಫ್ ನೋಡಿ ಸುಮಾರು ಹೊತ್ತು ಕೂತಿದ್ದೆ. ಮೊದಲ ಎರಡು ಸ್ಥಿತಿಯಲ್ಲಿ ಅಮ್ಮನ ಗೆರೆಗೂ ನನ್ನ ಗೆರೆಗೂ ಅಂಥ ವ್ಯತ್ಯಾಸವೇ ಇಲ್ಲ. ಮೂರನೆಯದರಲ್ಲಿ ಸ್ವಲ್ಪ ದಪ್ಪ, ಅಂದರೆ ಓಲಾಟ ಜಾಸ್ತಿ. ನಾಲ್ಕನೆಯದರಲ್ಲಿ ಕಣ್ಣು ಮುಚ್ಚಿದ ಕೂಡಲೇ ಗೆರೆ ಬಲಕ್ಕೆ ಎಳೆಯಿತು, ಒಮ್ಮೆ ವಾಪಸ್ ಬಂತು, ಮತ್ತೆ ಬಲಕ್ಕೆ ಜೋಲಿ ಹೊಡೆಯಿತು, ಅಷ್ಟರಲ್ಲಿ ನಾನು ಅವಳ ತೋಳು ಹಿಡಿದದ್ದು ಚೂಪು ಮೊಳೆಯಂತೆ ಮೂಡಿದೆ. ಆಪರೇಷನ್ ಆದ ಕಡೆಗೇ. ಅವಳು ದಿನಾ ಹೇಳುತ್ತಿದ್ದದ್ದು ಪೂರ್ತಿ ನಿಜ, ಹಗಲಲ್ಲಿ ಗಟ್ಟಿ ನೆಲದ ಮೇಲೆ ನಡೆಯುವುದನ್ನು ನೋಡಿ ನೆಂಟರು "ಚೆನ್ನಾಗೇ ಇದ್ದೀರಲ್ಲ" ಅಂದದ್ದಕ್ಕೆ ಅವಳು ಸುಮ್ಮನಾಗುತ್ತಿದ್ದಳು, ಅದೊಂದು ನನಗೆ ತುಂಬಾ ನೋವು ಕೊಟ್ಟಿತು.

ಇದೇ ತಿಂಗಳು ವಿಹಿಟ್ ಪರೀಕ್ಷೆಯೂ ಆಯಿತು. ಕ್ಯಾಮೆರಾ ಇರುವ ಬಿಗಿ ಕನ್ನಡಕ ಹಾಕಿ, ಗೋಡೆಯ ಮೇಲಿನ ಚುಕ್ಕೆ ನೋಡುತ್ತಿರಿ ಅನ್ನುತ್ತಾರೆ. ಹಿಂದಿನಿಂದ ತಲೆ ಹಿಡಿದು, ಹೇಳದೆ, ಸಣ್ಣದಾಗಿ ಆದರೆ ರಭಸವಾಗಿ ಒಂದು ಬದಿಗೆ ತಿರುಗಿಸುತ್ತಾರೆ. ಕಿವಿ ಸರಿಯಿದ್ದರೆ ಕಣ್ಣು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಿ ಚುಕ್ಕೆಯ ಮೇಲೇ ನಿಲ್ಲುತ್ತದೆ. ಎಡಕ್ಕೆ ತಿರುಗಿಸಿದಾಗ ಅಮ್ಮನ ಕಣ್ಣು ನಿಂತಿತು. ಬಲಕ್ಕೆ ತಿರುಗಿಸಿದಾಗ ತಲೆಯ ಜೊತೆ ಹೋಗಿ, ಆಮೇಲೆ ಚಕ್ಕನೆ ಚುಕ್ಕೆಗೆ ಹಾರಿತು. ಪರದೆಯ ಮೇಲೆ ಆ ಹಾರು ಬರಿಗಣ್ಣಿಗೇ ಕಾಣುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಈ ಇಡೀ ಬರಹ ಅದಕ್ಕಾಗಿಯೇ ಅಂದುಕೊಳ್ಳಿ. ಈ ಪರೀಕ್ಷೆಗಳನ್ನು ಆಪರೇಷನ್‌ಗೆ ಮುಂಚೆಯೇ ಕೇಳಿ. ವಿಹಿಟ್ ನಾಳಗಳನ್ನು ನೋಡುತ್ತದೆ. ಕಿವಿಗೆ ಬಿಸಿ ತಣ್ಣನೆ ನೀರು ಅಥವಾ ಗಾಳಿ ಬಿಟ್ಟು ಕಣ್ಣಿನ ಚಲನೆ ನೋಡುವ ಕ್ಯಾಲೊರಿಕ್ ಪರೀಕ್ಷೆ ಪ್ರತಿ ಕಿವಿಯ ನಾಳ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ. ವೆಂಪ್ ಪರೀಕ್ಷೆ ಸ್ಯಾಕ್ಯೂಲ್, ಯುಟ್ರಿಕಲ್‌ಗಳದ್ದು. ಎರಡು ಕಿವಿಯೂ ಕೇಳಿಸದವರಲ್ಲಿ ಕೆಲವರಿಗೆ ಒಂದು ಕಡೆಯ ಸಮತೋಲನ ಮೊದಲೇ ಹೋಗಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಅಂಥವರಿಗೆ ಚೆನ್ನಾಗಿರುವ ಕಡೆಗೇ ತಂತಿ ಹಾಕಿ ಅದೂ ಹೋದರೆ ಎರಡೂ ಕಡೆ ಖಾಲಿ. ಆಗ ನಡೆಯುವಾಗ ಬೋರ್ಡ್‌ಗಳ ಅಕ್ಷರ ಕುಣಿಯುತ್ತದೆ, ಕತ್ತಲಲ್ಲಿ ಹೆಜ್ಜೆ ಇಡುವುದೇ ಕಷ್ಟ. ಯಾವ ಕಿವಿಗೆ ಮಾಡಬೇಕು ಅನ್ನುವುದನ್ನು ಕೇಳುವಿಕೆ ಒಂದನ್ನೇ ನೋಡಿ ತೀರ್ಮಾನಿಸಬಾರದು. ಅಮ್ಮನ ವಿಷಯದಲ್ಲಿ ಯಾರೂ ಇದನ್ನು ಎತ್ತಲಿಲ್ಲ. ಇಂಪ್ಲಾಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಅಮ್ಮ ಮೊಮ್ಮಗನ ಜೊತೆ ಮಾತಾಡುವುದನ್ನು ದಿನಾ ನೋಡುತ್ತಿದ್ದೇನೆ, ಮತ್ತೆ ಕೇಳಿದರೂ ಹೂಂ ಅನ್ನುತ್ತೇವೆ. ಆದರೆ ಕಣ್ಣು ತೆರೆದು ಹೂಂ ಅನ್ನಬೇಕು, ಅಲ್ವಾ?

ಮಕ್ಕಳಿಗೆ ಇಂಪ್ಲಾಂಟ್ ಮಾಡಿಸುವ ಅಪ್ಪ ಅಮ್ಮಂದಿರೂ ಇದನ್ನು ಕೇಳಬೇಕು. ಮಗು ಕತ್ತು ನಿಲ್ಲಿಸುವುದು, ನಡೆಯುವುದು ತಡವಾದರೆ ಅದು ಕಿವಿಯ ಸಮತೋಲನದ ಅಂಗದಿಂದಲೂ ಇರಬಹುದು. ಟೊರಾಂಟೋದ ಮಕ್ಕಳ ಆಸ್ಪತ್ರೆಯೊಂದರ ತಂಡ ಸಮತೋಲನದ ಸಮಸ್ಯೆ ಇರುವ ಮಕ್ಕಳಲ್ಲಿ ಇಂಪ್ಲಾಂಟ್ ಕೆಡುವುದೂ ಜಾಸ್ತಿ ಅಂತ ತೋರಿಸಿದೆ. ಪದೇ ಪದೇ ಬಿದ್ದು ತಲೆಗೆ ಪೆಟ್ಟಾಗುವುದು ಒಂದು ಕಾರಣ ಇರಬಹುದು ಅನ್ನುತ್ತಾರೆ.

ಜೂನ್

ವ್ಯಾಯಾಮ ಸರಳ. ಹೆಬ್ಬೆರಳನ್ನು ಕಣ್ಣಿನ ಎದುರು ಹಿಡಿದು, ಉಗುರಿನ ಮೇಲೆ ನೋಟ ಬಿಡದೆ ತಲೆಯನ್ನು ಅಡ್ಡಡ್ಡ ಆಡಿಸುವುದು. ಉಗುರು ಮಸುಕಾಗುವ ವೇಗಕ್ಕಿಂತ ಸ್ವಲ್ಪ ಕೆಳಗೆ. ಆಮೇಲೆ ಮೇಲೆ ಕೆಳಗೆ. ಆಮೇಲೆ ಪಡಸಾಲೆಯಲ್ಲಿ ನಡೆಯುತ್ತಾ ತಲೆ ತಿರುಗಿಸುವುದು. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಅನ್ನುವ ವೈದ್ಯರು ಶುರು ಮಾಡಿದ ವ್ಯಾಯಾಮಗಳ ವಂಶವೇ ಇದು. ಬೇಜಾರಿನ ಕೆಲಸ, ಅಮ್ಮ ಬಿಡದೆ ಮಾಡುತ್ತಿದ್ದಾಳೆ.

ಗ್ರಾಫ್ ಬದಲಾಗಿದೆ! ಫೋಮ್ ಮೇಲೆ ಕಣ್ಣು ಮುಚ್ಚಿ ಪೂರ್ತಿ 30 ಸೆಕೆಂಡ್ ನಿಲ್ಲುವ ದಿನಗಳು ಈಗ ನಿಲ್ಲದ ದಿನಗಳಿಗಿಂತ ಜಾಸ್ತಿ. ಬಲಕ್ಕೆ ಎಳೆಯುವುದು ಇನ್ನೂ ಇದೆ, ಆದರೆ ಎಳೆದ ಮೇಲೆ ವಾಪಸ್ ಬರುತ್ತದೆ. ನಿದ್ದೆ ಕೆಟ್ಟ ಮರುದಿನ ಗೆರೆ ಮತ್ತೆ ದಪ್ಪ. ಮೇ ಗೆರೆ, ಜೂನ್ ಗೆರೆ ಎರಡನ್ನೂ ಒಂದೇ ಪರದೆಯಲ್ಲಿ ಇಟ್ಟು ತೋರಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ನಂದೇನಾ? ಹಾಗಾದ್ರೆ ನಾಳೆ ಇನ್ನೂ ಸ್ವಲ್ಪ ಹೊತ್ತು ನಿಲ್ತೀನಿ" ಅಂದಳು.

ಒಂದು ಪ್ರಯೋಗ ಇನ್ನೂ ತೀರ್ಮಾನ ಆಗಿಲ್ಲ. ಪ್ರೊಸೆಸರ್ ಹಾಕಿಕೊಂಡು, ರೂಮಿನ ಒಂದು ಮೂಲೆಯಲ್ಲಿ ರೇಡಿಯೋ ಹಚ್ಚಿದಾಗ ಓಲಾಟ ಕಡಿಮೆ ಆಗುತ್ತದಾ ಅಂತ ನೋಡುತ್ತಿದ್ದೇನೆ. ಸದಾ ಒಂದೇ ಕಡೆಯಿಂದ ಬರುವ ಶಬ್ದ ಮಿದುಳಿಗೆ ಒಂದು ಗುರುತು ಆಗಬಹುದು ಅನ್ನುವುದು ಯೋಚನೆ. ಇದರ ಬಗ್ಗೆ ನಡೆದ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ. ನನ್ನ ಗ್ರಾಫ್‌ಗಳಲ್ಲೂ ಸ್ಪಷ್ಟ ಇಲ್ಲ.

ಇನ್ನೊಂದು ವಿಷಯ ಓದಿ ಖುಷಿಯಾಯಿತು. ಎರಡೂ ಕಡೆ ಸಮತೋಲನದ ಅಂಗ ಹೋದವರಿಗೆ ನೇರವಾಗಿ ಆ ನರಕ್ಕೇ ವಿದ್ಯುತ್ ಕೊಡುವ ವೆಸ್ಟಿಬ್ಯುಲರ್ ಇಂಪ್ಲಾಂಟ್ ಅನ್ನು ಜಾನ್ಸ್ ಹಾಪ್ಕಿನ್ಸ್‌ನವರು ಪ್ರಯತ್ನಿಸುತ್ತಿದ್ದಾರೆ. ಎಂಟು ಜನರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು, ನಡಿಗೆ ಮತ್ತು ನಿಲುವು ಒಟ್ಟಾರೆ ಸುಧಾರಿಸಿತ್ತು. ಅದರಲ್ಲೂ ತಲೆಯ ಚಲನೆ ಹಿಡಿಯುವುದು ಒಂದು ಗೈರೋವೇ.

ಮುಂದೆ

ಎಡಗಿವಿಗೂ ಇಂಪ್ಲಾಂಟ್ ಮಾಡಿಸೋಣವಾ ಅನ್ನುವ ಮಾತು ಎದ್ದಿದೆ. ಅಮ್ಮನ ಸಮತೋಲನ ಈಗ ಹೆಚ್ಚಾಗಿ ನಿಂತಿರುವುದು ಆ ಎಡಗಿವಿಯ ಮೇಲೇ. ಹಾಗಾಗಿ ಕ್ಯಾಲೊರಿಕ್ ಮತ್ತು ವೆಂಪ್ ಎರಡರ ರಿಪೋರ್ಟ್ ಕೈಗೆ ಬರುವವರೆಗೆ ಬೇಡ ಅಂತ ಹೇಳಿದ್ದೇವೆ. ಡಾಕ್ಟರ್ ಒಪ್ಪಿದರು, ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ.

ಬಚ್ಚಲಿಗೆ ಗೋಡೆ ಹಿಡಿ, ಕೂತು ಸ್ನಾನ ಮಾಡಲು ಸ್ಟೂಲ್, ರಾತ್ರಿ ಎದ್ದರೆ ತಾನೇ ಹತ್ತುವ ಮಂದ ದೀಪ, ಈ ಮೂರೂ ಆಗಿವೆ. ಯಾರಿಗಾದರೂ ಈಗಷ್ಟೇ ಆಪರೇಷನ್ ಆಗಿದ್ದು, ಇಳಿಯುತ್ತಿದ್ದ ತಲೆಸುತ್ತು ಇದ್ದಕ್ಕಿದ್ದ ಹಾಗೆ ಜೋರಾದರೆ, ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಬಂದರೆ, ಜ್ವರದ ಜೊತೆ ಕತ್ತು ಬಿಗಿದರೆ ವ್ಯಾಯಾಮ ಗೀಯಾಮ ಅಂತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಸೆನ್ಸರ್ ಕಡೆ ಎರಡು ಕೆಲಸ ಬಾಕಿ ಇದೆ. ಇನ್ನೊಂದು ಎಂಪಿಯು-6050 ಅನ್ನು ಹೇರ್‌ಬ್ಯಾಂಡ್‌ಗೆ ಕೂರಿಸಿ, ಹೆಬ್ಬೆರಳಿನ ವ್ಯಾಯಾಮದಲ್ಲಿ ತಲೆ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ಫೋನಿನಲ್ಲಿ ತೋರಿಸಬೇಕು. ಕಾಯಿಲ್‌ಗೆ ತಾಗದ ಹಾಗೆ ಹಣೆಯ ಮಧ್ಯಕ್ಕೆ ಇಡುತ್ತೇನೆ. ಆಮೇಲೆ ಡಬ್ಬಿಯ ಬ್ಯಾಟರಿ ಬೇಗ ಇಳಿಯುತ್ತಿದೆ, ವೈಫೈ ಅನ್ನು ಅಳತೆ ಮುಗಿದ ಮೇಲಷ್ಟೇ ಆನ್ ಮಾಡುವ ಹಾಗೆ ಕೋಡ್ ತಿದ್ದುತ್ತಿದ್ದೇನೆ. ಅದು ಸರಿಹೋದ ಮೇಲೆ ವೈರಿಂಗ್ ಚಿತ್ರ ಮತ್ತು ಕೋಡ್ ಎರಡನ್ನೂ ಹಾಕುತ್ತೇನೆ. ನಿಮ್ಮ ಫಿಸಿಯೋಗೆ ತೋರಿಸಿ ಕೇಳಿಕೊಂಡೇ ಬಳಸಿ.