ಪಟ ಬರೆಯುವವರು

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಕರಕುಶಲ ಮೇಳವೊಂದರಲ್ಲಿ ಬಂಗಾಳದ ಕಲಾವಿದೆಯೊಬ್ಬರು ಚಿತ್ರಗಳ ಸುರುಳಿಯನ್ನು ಮೇಲಿನಿಂದ ಕೆಳಕ್ಕೆ ಬಿಚ್ಚುತ್ತ, ಒಂದೊಂದು ಚೌಕದ ಮೇಲೂ ಬೆರಳಿಟ್ಟು ಹಾಡತೊಡಗಿದಾಗ, ನನಗೆ ಬಂಗಾಳಿ ಬಾರದಿದ್ದರೂ ಕಥೆ ಎಲ್ಲಿಗೆ ಬಂತೆಂಬುದು ತಿಳಿಯುತ್ತಿತ್ತು. ಹಾಡು ಮುಗಿದ ಮೇಲೆ ಅವರು ಹಿಂದಿಯಲ್ಲಿ, ತಾವು ಪಟವನ್ನು ಬರೆಯುವವರು ಎಂದರು. ಚಿತ್ರ ಬರೆಯುವುದೆಂದು ನಾವೂ ಹೇಳುತ್ತೇವಾದರೂ, ಆ ಮಾತಿನ ತೂಕ ನನಗೆ ತಿಳಿದದ್ದು ಅಂದೇ.

ಇವರನ್ನು ಪಟುವಾಗಳೆನ್ನುತ್ತಾರೆ, ಚಿತ್ರಕರ್ ಎಂಬುದು ಇವರ ಅಡ್ಡಹೆಸರು. ಪಶ್ಚಿಮ ಮೇದಿನಿಪುರ ಜಿಲ್ಲೆಯ ಪಿಂಗ್ಲಾ ಬಳಿಯ ನಯಾ ಗ್ರಾಮದಲ್ಲಿ ಇಂದಿಗೂ ಮನೆಮನೆಯಲ್ಲಿ ಈ ಕೆಲಸ ನಡೆಯುತ್ತದೆ. ಶಂಖಪುಷ್ಪದಿಂದ ನೀಲಿ, ಅರಿಷಿಣದಿಂದ ಹಳದಿ, ಅವರೆಯ ಎಲೆಯಿಂದ ಹಸಿರು, ದೀಪದ ಕಾಡಿಗೆಯಿಂದ ಕಪ್ಪು. ಬಣ್ಣ ಹಿಡಿದು ನಿಲ್ಲಲು ಬಿಲ್ವದ ಕಾಯಿಯ ಅಂಟು. ಕಾಗದದ ಹಾಳೆಗಳನ್ನು ಉದ್ದಕ್ಕೆ ಜೋಡಿಸಿ, ಬೆನ್ನಿಗೆ ಹಳೆಯ ಸೀರೆಯ ಬಟ್ಟೆ ಅಂಟಿಸುತ್ತಾರೆ. ನಿತ್ಯ ಸುತ್ತಿ ಬಿಚ್ಚುವ ವಸ್ತುವಿಗೆ ಆ ಬಲ ಬೇಕೇ ಬೇಕು.

ಅಂದು ಅವರು ಹಾಡಿದ್ದು ಹಾವುಗಳ ದೇವತೆ ಮನಸಾದೇವಿಯ ಕಥೆ. ಶಿವನನ್ನಲ್ಲದೆ ಬೇರೆಯವರನ್ನು ಪೂಜಿಸೆನೆಂದ ವ್ಯಾಪಾರಿ ಚಾಂದನ ಮಗ ಲಖಿಂದರ, ಕಬ್ಬಿಣದ ಕೋಣೆಯಲ್ಲಿದ್ದರೂ ಮದುವೆಯ ರಾತ್ರಿಯೇ ಹಾವು ಕಚ್ಚಿ ಸಾಯುತ್ತಾನೆ. ಮದುಮಗಳು ಬೇಹುಲಾ ಹೆಣದೊಡನೆ ತೆಪ್ಪವೇರಿ ದೇವಲೋಕದವರೆಗೆ ತೇಲಿಹೋಗಿ, ಕುಣಿದು ದೇವರನ್ನು ಮೆಚ್ಚಿಸಿ ಗಂಡನ ಜೀವವನ್ನು ಮರಳಿ ಪಡೆಯುತ್ತಾಳೆ. ಕೊನೆಗೆ ಚಾಂದ ಪೂಜೆಗೆ ಒಪ್ಪುವುದು, ಮುಖ ತಿರುಗಿಸಿ ಎಡಗೈಯಿಂದ ಒಂದು ಹೂವು ಹಾಕುವಷ್ಟಕ್ಕೆ ಮಾತ್ರ. ಪಂಚಮಿಗೆ ನಾಗಪ್ಪನಿಗೆ ಹಾಲೆರೆದು ಬೆಳೆದ ನನಗೆ ಆ ಎಡಗೈಯ ಚೌಕವೇ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು: ಅಷ್ಟು ಮೊಂಡುತನವನ್ನು ಅಷ್ಟು ಕಡಿಮೆ ಗೆರೆಗಳಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಪಟುವಾಗಳಲ್ಲಿ ಹೆಚ್ಚಿನವರು ಮುಸಲ್ಮಾನರು. ಇದನ್ನು ಅಚ್ಚರಿಯೆಂಬಂತೆ ಹೇಳುವವರಿದ್ದಾರೆ. ಶಿಗ್ಗಾವಿ ಸೀಮೆಯ ಶಿಶುನಾಳ ಶರೀಫರು ಗೋವಿಂದಭಟ್ಟರ ಶಿಷ್ಯರಾಗಿ ಹಾಡಿದ ಪದಗಳನ್ನು ಕೇಳುತ್ತ ಬಂದ ನಮಗೆ ಅಚ್ಚರಿಯೇನೂ ಆಗಬೇಕಿಲ್ಲ. ಅಲ್ಲಿಯೂ ಹಾಡಿನ ಕೊನೆಗೆ ಅಂಕಿತವಿದೆ, ಆದರೆ ಅದು ದೇವರದಲ್ಲ. ಪಟುವಾ ತನ್ನ ಹೆಸರು, ತನ್ನ ಊರು ಹೇಳಿ ಮುಗಿಸುತ್ತಾನೆ. ಊರೂರು ಅಲೆದು ಅಕ್ಕಿ, ಕಾಸು ಪಡೆದು ಬದುಕಿದವರಿಗೆ ಊರಿನ ಹೆಸರೇ ಗುರುತಾಗಿತ್ತು.

ಪಟ ತೋರಿಸಿ ಕಥೆ ಹೇಳುವುದು ಬಹಳ ಹಳೆಯದು. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಚಾಣಕ್ಯನ ಗೂಢಚಾರ ಯಮನ ಚಿತ್ರಗಳಿರುವ ಯಮಪಟ ಹಿಡಿದೇ ಮನೆಮನೆ ಹೊಗುತ್ತಾನೆ. ಬಂಗಾಳದ ಪಟಚಿತ್ರಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಒಳ್ಳೆಯದೇ, ಆದರೆ ಕೊಳ್ಳುವವರಿಗೆ ಬೇಕಾಗಿರುವುದು ಗೋಡೆಗೆ ತೂಗುವ ಚಿತ್ರ, ಹಾಡು ಕೊಂಡೊಯ್ಯುವವರಿಲ್ಲ.

ನಾನೂ ಆ ಪಟ ಕೊಂಡು ಧಾರವಾಡಕ್ಕೆ ತಂದು ಗಾಜಿನ ಚೌಕಟ್ಟು ಹಾಕಿಸಿದ್ದೆ. ಎರಡು ವರ್ಷ ಅದು ಗೋಡೆಯ ಮೇಲೆ ಸುಮ್ಮನಿತ್ತು. ಕಳೆದ ಪಂಚಮಿಗೆ ಚೌಕಟ್ಟು ಬಿಚ್ಚಿಸಿ, ಅದನ್ನು ಸುತ್ತಿಟ್ಟು, ಮಗಳನ್ನು ಎದುರಿಗೆ ಕೂರಿಸಿಕೊಂಡು ಮೊದಲ ಚೌಕದಿಂದ ಬಿಚ್ಚುತ್ತ ಬಂದೆ. ಹಾಡು ನನಗೆ ಬಾರದು. ಬೆರಳಿಟ್ಟು, ನಮ್ಮ ಮಾತಿನಲ್ಲಿ, ಗೊತ್ತಿದ್ದಷ್ಟನ್ನು ಹೇಳಿದೆ.